ಬಾಯಿ ಬಿಡಿಸಿ ನೋಡಿ ಕೊಳ್ಳಿ: ‘ಟಿವಿ ಮಾದರಿ’ ಕೈಗೊಂಬೆ ಹೇಗುಂಟು?

ಮೈತುಂಬ ತುಪ್ಪಳ, ಅಗಲ ಬಾಯಿ, ಒಳಗೆ ಕೈ ಹಾಕಿ ಮಾತಾಡಿಸುವ ಗೊಂಬೆಗಳು ಈಗ ಆನ್‌ಲೈನ್‌ನಲ್ಲಿ ಹತ್ತಾರು ಹೆಸರುಗಳಲ್ಲಿ ಸಿಗುತ್ತವೆ. ಹೆಸರು ಬೇರೆ ಬೇರೆ, ಪೊಟ್ಟಣದೊಳಗಿನ ಮಾಲು ಹೆಚ್ಚುಕಡಿಮೆ ಒಂದೇ. ‘ಟಿವಿ ಮಾದರಿ’ ಎಂಬ ಮಾತು ಮಾತ್ರ ಎಲ್ಲದರ ಮೇಲೂ ಉಂಟು. ಕಾಸರಗೋಡು, ಕುಂಬಳೆ, ಬದಿಯಡ್ಕದ ಕಡೆ ಇದನ್ನು ತರಿಸುವವರು ಎರಡು ಬಗೆ. ಅಂಗನವಾಡಿಯ ಮತ್ತು ಎಲ್‌ಪಿ (ಕಿರಿಯ ಪ್ರಾಥಮಿಕ) ಶಾಲೆಯ ಟೀಚರುಗಳು ಒಂದು ಕಡೆ. ಟಿವಿಯ ಗೊಂಬೆಗಳನ್ನು ನೋಡಿ ಬೆಳೆದು, ಆ ಗುಂಗಿನಿಂದ ಇನ್ನೂ ಹೊರಬರದವರು ಇನ್ನೊಂದು ಕಡೆ. ಈ ಎರಡನೆಯವರಲ್ಲಿ ಒಬ್ಬರಿಗೆ 1991ರ ದೂರದರ್ಶನದ ‘ಪೋಟ್ಲಿ ಬಾಬಾ ಕೀ’ ನೆನಪು, ಮತ್ತೊಬ್ಬರಿಗೆ 2006ರಲ್ಲಿ ಬಂದ ‘ಗಲಿ ಗಲಿ ಸಿಮ್ ಸಿಮ್’ನ ಚಮ್ಕಿ. ನಮ್ಮ ಜಿಲ್ಲೆಯಲ್ಲಿ ಗಲ್ಫಿನ ನಂಟಿಲ್ಲದ ಮನೆ ಕಡಿಮೆ, ಹಾಗಾಗಿ 1979ರಲ್ಲಿ ಕುವೈತಿನಲ್ಲಿ ಶುರುವಾದ ‘ಇಫ್ತಹ್ ಯಾ ಸಿಮ್‌ಸಿಮ್’ ನೋಡಿ ಬೆಳೆದವರೂ ಇದ್ದಾರೆ. ಈ ಕೊನೆಯ ಎರಡಕ್ಕೂ ಮೂಲವಾದ ಅಮೆರಿಕದ ‘ಸೆಸಮೆ ಸ್ಟ್ರೀಟ್’ನ ಹಳೆಯ ತುಣುಕುಗಳಂತೂ ಈಗ ಯೂಟ್ಯೂಬಿನಲ್ಲಿ ಎಲ್ಲರಿಗೂ ಸಿಗುತ್ತವೆ.

ಇವರೆಲ್ಲ ಕೇಳುವುದು ಒಂದೇ: ಟಿವಿಯಲ್ಲಿ ಆ ಗೊಂಬೆ ಮಾತಾಡಿದ ಹಾಗೆ ಇದು ಮಾತಾಡುತ್ತದಾ?

ಪೊಟ್ಟಣದಿಂದ ತೆಗೆದ ಹಾಗೆಯೇ ಆಡಿಸಿದರೆ ಇಲ್ಲ. ಮುನ್ನೂರು ರೂಪಾಯಿಯ ರಿಪೇರಿ ಸಾಮಾನು, ಒಂದು ರಜೆಯ ದಿನ ಎರಡನ್ನೂ ಅದರ ಮೇಲೆ ಹಾಕಿದರೆ ಮಾತಾಡುತ್ತದೆ. ಮಾರುವವರು ದುಡ್ಡೆಲ್ಲ ತುಪ್ಪಳಕ್ಕೆ ಸುರಿದು ಬಾಯಿಗೆ ಏನೂ ಉಳಿಸಿಲ್ಲ. ಟಿವಿ ಗೊಂಬೆಗೆ ಜೀವ ಇದ್ದದ್ದು ಬಾಯಿಯಲ್ಲಿ, ಕಣ್ಣಿನಲ್ಲಿ.

ಪೊಟ್ಟಣದಲ್ಲಿ ಇರುವುದು

ಅಳತೆ ಎರಡು. ಸಣ್ಣದು 38 ಸೆಂ.ಮೀ., ಬೆಲೆ 700 ರೂಪಾಯಿಯ ಆಸುಪಾಸು, ತೂಕ 150 ಗ್ರಾಂ. ದೊಡ್ಡದು 62 ಸೆಂ.ಮೀ., ಬೆಲೆ 1,900ರ ಆಸುಪಾಸು, ತೂಕ 410 ಗ್ರಾಂ. ತಕ್ಕಡಿಯಲ್ಲಿ 410 ಗ್ರಾಂ ಏನೂ ಅಲ್ಲ. ಕೈಯನ್ನು ತಲೆಗಿಂತ ಮೇಲೆ ಎತ್ತಿ ಹತ್ತು ನಿಮಿಷ ಹಿಡಿದರೆ ಅದೇ ನಾಲ್ಕು ಕಿಲೋ ಅನ್ನಿಸುತ್ತದೆ. ಬಣ್ಣ ಕಿತ್ತಳೆ, ನೀಲಿ, ಹಸಿರು. (ಹಸಿರೇ ಬೇಕು, ಸೆಸಮೆ ಸ್ಟ್ರೀಟಿನ ಆಸ್ಕರ್ ಹಸಿರಲ್ಲವಾ ಎಂದು ಹಟ ಹಿಡಿಯುವವರಿಗೆ ಒಂದು ಮಾತು: 1969ರಲ್ಲಿ ಶುರುವಾದ ಆ ಕಾರ್ಯಕ್ರಮದ ಮೊದಲ ವರ್ಷದ ಕಂತುಗಳಲ್ಲಿ ಆಸ್ಕರ್ ಕಿತ್ತಳೆ ಬಣ್ಣದವನೇ. ಹಸಿರಾದದ್ದು ಎರಡನೇ ವರ್ಷ.)

ದೊಡ್ಡದರ ಜೊತೆ 30 ಸೆಂ.ಮೀ.ನ ಒಂದು ಮರದ ಕಡ್ಡಿ ಕೊಡುತ್ತಾರೆ, ತುದಿಯಲ್ಲಿ ವೆಲ್ಕ್ರೋ ಪಟ್ಟಿ. ಸೂಚನೆಯ ಹಾಳೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಹೊಲಿಗೆ ಅಚ್ಚುಕಟ್ಟು, ತುಪ್ಪಳ ಎಳೆದರೆ ಉದುರುವುದಿಲ್ಲ, ಬಣ್ಣ ನೀರಿಗೆ ಬಿಡುವುದಿಲ್ಲ. ಇಷ್ಟು ಹೊಗಳಿಕೆ ನ್ಯಾಯವಾಗಿ ಸಲ್ಲಬೇಕು.

ಬಾಯಿ

ಗೊಂಬೆಯ ಬಾಯಿಗೆ ಕೈ ಹಾಕಿ ಅಗಲ ಬಿಡಿಸಿ. ಒಳಗಿನ ಕೆಂಪು ಫೆಲ್ಟ್ ಬಟ್ಟೆಯನ್ನು ಸೀದಾ ತುಪ್ಪಳಕ್ಕೆ ಹೊಲಿದಿದ್ದಾರೆ. ಅದರ ಹಿಂದೆ ಗಟ್ಟಿಯಾದ ಯಾವ ಹಾಳೆಯೂ ಇಲ್ಲ, ಬರೀ ಪಾಲಿಯೆಸ್ಟರ್ ಹತ್ತಿ. ನಾಲ್ಕು ಬೆರಳು ಮೇಲೆ, ಹೆಬ್ಬೆರಳು ಕೆಳಗೆ ಇಟ್ಟು ಬಾಯಿ ತೆರೆದರೆ ಫೆಲ್ಟಿನ ಮೇಲೆ ನಾಲ್ಕು ಬೆರಳ ತುದಿ ನಾಲ್ಕು ಗುಳ್ಳೆಯಾಗಿ ಎದ್ದು ಕಾಣುತ್ತದೆ. ಕೆಳದವಡೆ ನಟ್ಟನಡುವೆ ಮಡಚಿಕೊಳ್ಳುತ್ತದೆ. ಬಾಯಿಯ ಎರಡು ಮೂಲೆಗಳು ಒಳಗೆ ಸೇದಿಕೊಂಡು, ಎಲೆಯಡಿಕೆಯ ಸಂಚಿಯ ಹಾಗೆ ಸುಕ್ಕಾಗುತ್ತವೆ. ಎದುರು ಕೂತ ಮಗುವಿಗೆ ಕಾಣುವುದು ಮಾತಾಡುವ ಬಾಯಿಯಲ್ಲ, ಬಟ್ಟೆಯೊಳಗೆ ಅಲುಗಾಡುವ ಕೈ.

ಇದಕ್ಕೊಂದು ಸಿದ್ಧ ಉತ್ತರ ಉಂಟು: ಟಿವಿಯ ಕರ್ಮಿಟ್ ಕಪ್ಪೆಗೊಂಬೆಯ ಮುಖವೂ ಮೆತ್ತಗೇ ಅಲ್ಲವಾ? ಹೌದು. 1955ರಲ್ಲಿ ಜಿಮ್ ಹೆನ್ಸನ್ (ಮುಂದೆ ಸೆಸಮೆ ಸ್ಟ್ರೀಟಿನ ಗೊಂಬೆಗಳನ್ನು ಹುಟ್ಟಿಸಿದವರು) ಅದನ್ನು ಮಾಡಿದ್ದು ತಾಯಿಯ ಹಳೆಯ ಕೋಟಿನ ಬಟ್ಟೆಯಿಂದ, ಕಣ್ಣಿಗೆ ಟೇಬಲ್ ಟೆನ್ನಿಸ್ ಚೆಂಡಿನ ಎರಡು ಹೋಳು. ಆದರೆ ಅಲ್ಲಿ ಬಟ್ಟೆ ಕೈಗೆ ಅಂಟಿಕೊಂಡ ಹಾಗೆ ಕೂತಿರುತ್ತದೆ. ಬೆರಳ ಗೆಣ್ಣು ಒಂಚೂರು ಮಡಚಿದರೂ ಮುಖ ಹುಳ್ಳಗಾಗುತ್ತದೆ, ಮುಷ್ಟಿ ಬಿಗಿದರೆ ಮೂತಿ ಸೊಟ್ಟಗಾಗುತ್ತದೆ. ನಮ್ಮ ಈ ಗೊಂಬೆಯಲ್ಲಿ ಕೈಗೂ ಮುಖದ ಚರ್ಮಕ್ಕೂ ನಡುವೆ ಮೂರು ಸೆಂ.ಮೀ. ಹತ್ತಿ. ಗೆಣ್ಣಿನ ಚಲನೆಯನ್ನೆಲ್ಲ ಆ ಹತ್ತಿ ನುಂಗಿಬಿಡುತ್ತದೆ. ಮೆತ್ತನೆ ಮುಖ ಬೇಕಿದ್ದರೆ ಹತ್ತಿ ಇರಬಾರದು, ಹತ್ತಿ ಬೇಕಿದ್ದರೆ ಬಾಯಿಗೆ ಹಲಗೆ ಬೇಕು. ಇದರಲ್ಲಿ ಹತ್ತಿ ಉಂಟು, ಹಲಗೆ ಇಲ್ಲ. ಹಾಗಾಗಿ ಹಲಗೆ ಹಾಕುವುದೇ ದಾರಿ.

ಫ್ಲೆಕ್ಸ್ ಬೋರ್ಡ್ ಮಾಡುವ ಅಂಗಡಿಗಳಲ್ಲಿ ಸನ್‌ಬೋರ್ಡ್ ಎಂಬ 3 ಮಿ.ಮೀ. ದಪ್ಪದ ಹಗುರ ಪ್ಲಾಸ್ಟಿಕ್ ಹಲಗೆಯ ಚೂರುಗಳು ರಾಶಿ ಬಿದ್ದಿರುತ್ತವೆ. ಇಪ್ಪತ್ತು ರೂಪಾಯಿ ಕೊಟ್ಟರೆ ಬೇಕಾದಷ್ಟು ಸಿಗುತ್ತದೆ. ರಟ್ಟು ಬೇಡ, ಜೂನ್ ಬಂದರೆ ಉಬ್ಬಿ ಹಪ್ಪಳವಾಗುತ್ತದೆ. ಹಳೆ ಪ್ಲಾಸ್ಟಿಕ್ ಫೈಲಿನ ಹೊದಿಕೆಯೂ ಬೇಡ. ಅದು ಪಾಲಿಪ್ರೊಪಿಲೀನ್, ಯಾವ ಗೋಂದೂ ಅದರ ಮೇಲೆ ಸರಿಯಾಗಿ ನಿಲ್ಲುವುದಿಲ್ಲ.

ಕೆಲಸಕ್ಕೆ ಇಳಿಯುವ ಮೊದಲು ಗಂಟಲಿನ ಕಡೆಯಿಂದ ಕೈ ಹಾಕಿ, ಬಾಯಿಯ ಹಿಂದಿನ ಹತ್ತಿಯನ್ನು ಮುಷ್ಟಿಮುಷ್ಟಿಯಾಗಿ ಹೊರತೆಗೆಯಿರಿ. ಎಸೆಯಬೇಡಿ. ಬಾಯಿಯನ್ನು ಪೂರ್ತಿ ಚಪ್ಪಟೆಯಾಗಿ ಬಿಡಿಸಿ, ಮೇಲೆ ಕಾಗದ ಒತ್ತಿ, ಹೊಲಿಗೆಯ ಗೆರೆಯನ್ನು ಪೆನ್ಸಿಲಿನಲ್ಲಿ ಎಳೆದುಕೊಳ್ಳಿ. ದೊಡ್ಡ ಗೊಂಬೆಯಲ್ಲಿ ಇದು ಸುಮಾರು 17 ಸೆಂ.ಮೀ. ಉದ್ದ, 13 ಸೆಂ.ಮೀ. ಅಗಲದ ಮೊಟ್ಟೆಯಾಕಾರ ಬರುತ್ತದೆ. ಸನ್‌ಬೋರ್ಡನ್ನು ಸುತ್ತಲೂ 4 ಮಿ.ಮೀ. ಕಮ್ಮಿ ಮಾಡಿ ಕತ್ತರಿಸಿ. ಅಷ್ಟು ಬಿಡದಿದ್ದರೆ ಅಂಚು ಹೊಲಿಗೆಯನ್ನು ಒತ್ತಿ, ನಾಲ್ಕು ಪ್ರದರ್ಶನದಲ್ಲಿ ದಾರ ಬಿಡುತ್ತದೆ. ಆಮೇಲೆ ಅಡ್ಡಕ್ಕೆ ಎರಡು ತುಂಡು: ಮೇಲಿನದು ತುಸು ದೊಡ್ಡದು, ಕೆಳಗಿನದು ಸಣ್ಣದು.

ಎರಡು ತುಂಡುಗಳ ನಡುವೆ 6 ಮಿ.ಮೀ. ಸಂದು ಬಿಟ್ಟು, ಸೈಕಲ್ ಟ್ಯೂಬಿನ ನಾಲ್ಕು ಸೆಂ.ಮೀ. ಅಗಲದ ಪಟ್ಟಿಯನ್ನು ಹಿಂದಿನಿಂದ ಅಂಟಿಸಿದರೆ ಕೀಲು ತಯಾರು. ಸಂದು ಕಿರಿದಾದರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ, ಗೊಂಬೆ ಸದಾ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಟ್ಯೂಬ್ ದಪ್ಪವಾದರೆ ತಾನಾಗಿ ತೆರೆದುಕೊಳ್ಳಲಿಕ್ಕೆ ನೋಡುತ್ತದೆ, ಮುಚ್ಚಿ ಹಿಡಿಯಲಿಕ್ಕೆ ಹೆಬ್ಬೆರಳು ಸೋಲುತ್ತದೆ. ಸೆಲ್ಲೋಟೇಪು ಹಾಕಿ ಮುಗಿಸುವ ಉಪಾಯ ಬೇಡ, ಸೆಕೆಗೆ ಗೋಂದು ಜಾರಿ ಒಂದು ವಾರದಲ್ಲಿ ಕೀಲು ಕಳಚುತ್ತದೆ.

ಬೆರಳಿಗೆ ಹಿಡಿತ ಬೇಕು. ಮೇಲಿನ ಹಲಗೆಗೆ ನಾಲ್ಕು ಬೆರಳು ಹೋಗುವಷ್ಟು ಅಗಲದ ಇಲಾಸ್ಟಿಕ್ ಪಟ್ಟಿ, ಕೆಳಗಿನದಕ್ಕೆ ಹೆಬ್ಬೆರಳಿನ ಒಂದು ಉಂಗುರ. ಹಲಗೆಗೆ ತೂತು ಮಾಡಿ ದಾರದಲ್ಲಿ ಬಿಗಿಯಿರಿ. ಅರ್ಧ ಬೆರಳಿನಷ್ಟು ಸಡಿಲ ಇರಲಿ, ಹದಿನೈದು ನಿಮಿಷ ಆಡಿಸಿದ ಮೇಲೆ ಕೈ ಬೆವರಿ ಊದುತ್ತದೆ. ಹೆಬ್ಬೆರಳ ಉಂಗುರ ಮುಂದಿನ ಅಂಚಿನಿಂದ 3 ಸೆಂ.ಮೀ. ಒಳಗಿರಬೇಕು. ತೀರಾ ಹಿಂದೆ ಹಾಕಿದರೆ ದವಡೆಯ ತುದಿ ಕೈಮಾತು ಕೇಳುವುದಿಲ್ಲ.

ಹಲಗೆಯನ್ನು ಫೆಲ್ಟಿಗೆ ಅಂಟಿಸಲಿಕ್ಕೆ ರಬ್ಬರ್ ಗೋಂದು, ಅಂದರೆ ಚಪ್ಪಲಿ ಅಂಟಿಸುವ ಹಳದಿ ಗೋಂದು. ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಅಂಟದ ಹದಕ್ಕೆ ಬರುವವರೆಗೆ ಕಾಯಿರಿ. ಬೇಸಗೆಯಲ್ಲಿ ಹತ್ತು–ಹದಿನೈದು ನಿಮಿಷ, ಮಳೆಗಾಲದಲ್ಲಿ ಅದರ ಇಮ್ಮಡಿ. ಒಮ್ಮೆ ತಾಗಿದರೆ ಮತ್ತೆ ಸರಿಸಲಿಕ್ಕಾಗದು. ಅದಕ್ಕೆ ನಡುವೆ ಒಂದು ಕಾಗದ ಇಟ್ಟು, ಕೀಲಿನ ಕಡೆಯಿಂದ ಒತ್ತುತ್ತಾ ಕಾಗದವನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳಿ. ಒಂದು ಇಡೀ ದಿನ ಹಾಗೇ ಬಿಡಿ.

ಬಿಳಿ ಗೋಂದು ಸನ್‌ಬೋರ್ಡಿಗೆ ಹಿಡಿಯುವುದಿಲ್ಲ. ಕ್ಷಣದಲ್ಲಿ ಅಂಟುವ ಗೋಂದನ್ನಂತೂ ಹತ್ತಿರ ತರಬೇಡಿ: ಹತ್ತಿಬಟ್ಟೆಗೆ ತಾಗಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆ ಏಳುತ್ತದೆ, ಒಣಗಿದ ಮೇಲೆ ಆ ಜಾಗ ಬಿಳಿಚಿ ಮುಳ್ಳಿನ ಹಾಗೆ ಚುಚ್ಚುತ್ತದೆ. ಬಿಸಿ ಗೋಂದಿನ ಗನ್ ಅವಸರಕ್ಕೆ ಆದೀತು, ಆದರೆ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಗೊಂಬೆ ಬಿಟ್ಟರೆ ಮೆತ್ತಗಾಗಿ ಬಿಡುತ್ತದೆ.

ಕೊನೆಗೆ ತೆಗೆದಿಟ್ಟ ಹತ್ತಿಯನ್ನು ಹಣೆಗೆ, ಎರಡು ಕೆನ್ನೆಗೆ ಮಾತ್ರ ತುಂಬಿ. ಹಲಗೆಗೂ ಕೈಗೂ ನಡುವೆ ಒಂದು ಎಳೆಯೂ ಇರಬಾರದು. ಮುಕ್ಕಾಲು ಪಾಲು ಹತ್ತಿ ಉಳಿಯುತ್ತದೆ, ಗೊಂಬೆ ಎಪ್ಪತ್ತು ಗ್ರಾಂ ಹಗುರಾಗುತ್ತದೆ. ತೋಳಿಗೆ ಅದೇ ದೊಡ್ಡ ಉಪಕಾರ.

ಕಣ್ಣು

24 ಮಿ.ಮೀ.ನ ಪ್ಲಾಸ್ಟಿಕ್ ಕಣ್ಣುಗಳು, ಒಂದರಿಂದೊಂದು ದೂರ, ಪಾಪೆ ನಟ್ಟನಡುವೆ. ಈ ಕಣ್ಣು ಯಾರನ್ನೂ ನೋಡುವುದಿಲ್ಲ. ಎದುರಿಗೆ ನಿಂತರೂ ನಮ್ಮ ಎರಡೂ ಕಿವಿಯ ಪಕ್ಕದಿಂದ ಹಿಂದಿನ ಗೋಡೆ ನೋಡಿದ ಹಾಗಿರುತ್ತದೆ. ಹೆನ್ಸನ್ ಬಳಗದಲ್ಲಿ ಗೊಂಬೆ ಕಟ್ಟುತ್ತಿದ್ದ ಡಾನ್ ಸಾಲಿನ್ ಕಣ್ಣು ಕೂರಿಸುವುದರಲ್ಲಿ ಪಳಗಿದವರು. ಎರಡು ಕಣ್ಣು, ಒಂದು ಮೂಗು ಸೇರಿ ಆಗುವ ತ್ರಿಕೋನ ಸರಿಯಾಗಿ ಕೂತರೆ ಮಾತ್ರ ಗೊಂಬೆಗೆ ನೋಟ ಬರುತ್ತದೆ ಎಂಬುದು ಅವರ ಲೆಕ್ಕ. ಹಳೆಯ ತುಣುಕುಗಳನ್ನು ನಿಲ್ಲಿಸಿ ನೋಡಿ, ಪಾಪೆಗಳು ಕೂದಲೆಳೆಯಷ್ಟು ಮೂಗಿನ ಕಡೆಗೆ ವಾಲಿರುತ್ತವೆ. ಸೆಸಮೆ ಸ್ಟ್ರೀಟಿನ ಬಿಸ್ಕತ್ತುಬಾಕ ಗೊಂಬೆ ಕುಕಿ ಮಾನ್‌ಸ್ಟರ್‌ನ ಗರಗರ ಕಣ್ಣು ಬೇಕೆಂದೇ ಮಾಡಿದ ಅಪವಾದ.

ಸರಿ ಮಾಡಲಿಕ್ಕೆ ಹತ್ತು ನಿಮಿಷ ಸಾಕು. ಇರುವ ಕಣ್ಣುಗಳನ್ನು ಕಿತ್ತು, ಅವುಗಳ ಬದಲಿಗೆ ಟೇಬಲ್ ಟೆನ್ನಿಸ್ ಚೆಂಡನ್ನು ಬೆಸುಗೆಯ ಗೆರೆಯಲ್ಲಿ ಚೂಪಾದ ಬ್ಲೇಡಿನಿಂದ ಎರಡು ಹೋಳು ಮಾಡಿ. ಈಗಿನ ಚೆಂಡು 40 ಮಿ.ಮೀ.; 2000ದವರೆಗೆ 38 ಇತ್ತು, ಹಾಗಾಗಿ ಹಳೆ ಚೆಂಡು ಹೊಸ ಚೆಂಡು ಬೆರೆಸಿದರೆ ಒಂದು ಕಣ್ಣು ದೊಡ್ಡದಾಗುತ್ತದೆ. 12 ಮಿ.ಮೀ.ನ ಕಪ್ಪು ಫೆಲ್ಟಿನ ಬಿಲ್ಲೆಯನ್ನು ನಡುವಿನಿಂದ 2–3 ಮಿ.ಮೀ. ಮೂಗಿನ ಕಡೆಗೆ ಸರಿಸಿ ಅಂಟಿಸಿ. ಮೊದಲು ಗುಂಡುಸೂಜಿಯಲ್ಲಿ ಚುಚ್ಚಿ ಇಟ್ಟು, ಎರಡು ಮೀಟರ್ ದೂರದಿಂದ ನೋಡಿ, ಆಮೇಲೆ ಗೋಂದು. ಕಪ್ಪು ಬಣ್ಣಕ್ಕೆ ಹೊಳಪಿನ ಪೇಂಟು ಬೇಡ, ಟ್ಯೂಬ್‌ಲೈಟಿನ ಗೆರೆ ಅದರಲ್ಲಿ ಬಿದ್ದು ನೋಟ ಕೆಡುತ್ತದೆ.

ಕೈ, ಕಡ್ಡಿ, ತೋಳು

ಸೆಸಮೆ ಸ್ಟ್ರೀಟಿನ ಎರ್ನಿ ಮತ್ತು ಬರ್ಟ್‌ ಜೋಡಿಯನ್ನು ಸೂಕ್ಷ್ಮವಾಗಿ ನೋಡಿದವರಿಗೆ ಗೊತ್ತು: ಎರ್ನಿಯ ಕೈಗಳು ಮನುಷ್ಯರ ಕೈ, ಬರ್ಟ್‌ನದು ಕಡ್ಡಿಯ ಕೈ. ಎರ್ನಿಗೆ ಇಬ್ಬರು ಬೇಕು, ಮುಖ್ಯ ಕಲಾವಿದರ ಬಲಗೈ ತಲೆಯೊಳಗೆ, ಎಡಗೈ ಗೊಂಬೆಯ ಎಡಗೈಯೊಳಗೆ. ಬಲಗೈಗೆ ಪಕ್ಕದಲ್ಲಿ ಒತ್ತಿ ನಿಂತ ಇನ್ನೊಬ್ಬರು. ಹಾಗಾಗಿ ಎರ್ನಿ ಸಾಮಾನು ಎತ್ತುತ್ತಾನೆ, ಸುಲಿಯುತ್ತಾನೆ, ಎಸೆಯುತ್ತಾನೆ. ಕಡ್ಡಿಯ ಕೈಯ ಬರ್ಟ್ ಸೆಟೆದು ನಿಂತು ಸಿಡುಕುತ್ತಾನೆ. ಸ್ವಭಾವಕ್ಕೆ ತಕ್ಕ ಕೈ.

ಈ ಗೊಂಬೆಯ ಜಾಹೀರಾತಿನಲ್ಲಿ ‘ಜೀವಂತ ಕೈ’ ಎಂದು ಬರೆದದ್ದು ಬರೀ ಬೊಗಳೆ. ಮುಂಗೈಯ ಬಾಯಿ 6 ಸೆಂ.ಮೀ. ಅಗಲ, ದೊಡ್ಡವರ ಕೈ ಒಳಗೆ ಹೋಗುವುದಿಲ್ಲ. ಹಾಗಾಗಿ ಇದು ಕಡ್ಡಿಗೊಂಬೆ ಎಂದೇ ತಿಳಿದು ಕೊಳ್ಳಿ. ಕೊಟ್ಟ ಮರದ ಕಡ್ಡಿ ಗಿಡ್ಡ, ದಪ್ಪ, ಬಿಳಿ, ಮೂರೂ ತಪ್ಪು. ಮುರಿದ ಕೊಡೆಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲವಲ್ಲ, ಅದರ ಕಬ್ಬಿಣದ ಕಡ್ಡಿ ಎರಡು ತೆಗೆಯಿರಿ. 40 ಸೆಂ.ಮೀ.ಗೆ ಕತ್ತರಿಸಿ, ತುದಿಯನ್ನು ಒಂದು ಸೆಂ.ಮೀ. ಕೊಕ್ಕೆಯಂತೆ ಬಗ್ಗಿಸಿ ಅಂಗೈಯೊಳಗೆ ತೂರಿಸಿ ಹೊಲಿಯಿರಿ. ಹಿಡಿಯುವ ತುದಿಗೆ ಬಟ್ಟೆ ಸುತ್ತಿ, ಉಳಿದದ್ದಕ್ಕೆ ಹೊಳಪಿಲ್ಲದ ಕಪ್ಪು ಬಣ್ಣ.

ತೋಳಿನಲ್ಲಿ ಹತ್ತಿಯನ್ನು ಮೂಟೆಯಂತೆ ತುಂಬಿದ್ದಾರೆ, ಮೊಣಕೈ ಮಡಚುವುದಿಲ್ಲ. ಮೊಣಕೈಯ ಜಾಗದಲ್ಲಿ ಹತ್ತಿಯನ್ನು ಎರಡೂ ಕಡೆಗೆ ಸರಿಸಿ ಅಡ್ಡಕ್ಕೆ ಒಂದು ಹೊಲಿಗೆ ಹಾಕಿದರೆ ಸರಿಯಾಯಿತು.

ಒಂದೇ ಕಡ್ಡಿಯಲ್ಲಿ ಎರಡು ಕೈ ಆಡಿಸುವ ಉಪಾಯವನ್ನು ಅದೇ ಕಾರ್ಯಕ್ರಮದ ಬಿಗ್ ಬರ್ಡ್‌ನಿಂದ ಕದಿಯಬಹುದು. ಎಂಟಡಿ ಎರಡಿಂಚಿನ ಆ ಹಕ್ಕಿಯೊಳಗೆ ಕಲಾವಿದರ ಬಲಗೈ ತಲೆಯನ್ನು ಹೊತ್ತು ಮೇಲಕ್ಕೆ ಹೋಗಿರುತ್ತದೆ, ಎಡಗೈ ಎಡರೆಕ್ಕೆಯಲ್ಲಿ. ಬಲರೆಕ್ಕೆ ಖಾಲಿ. ಕುತ್ತಿಗೆಯ ಕೆಳಗಿನ ಒಂದು ಬಳೆಯ ಮೂಲಕ ಗಾಳದ ದಾರ ಎರಡೂ ರೆಕ್ಕೆಗೆ ಕಟ್ಟಿರುತ್ತದೆ, ಎಡಗೈ ಇಳಿದರೆ ಬಲರೆಕ್ಕೆ ಏರುತ್ತದೆ. ನಮ್ಮ ಗೊಂಬೆಗೂ ಗಲ್ಲದ ಕೆಳಗೆ ಕೋಟಿನ ಕೊಕ್ಕೆಯಷ್ಟು ಸಣ್ಣ ಬಳೆ ಹೊಲಿದು, ತೆಳ್ಳಗಿನ ಗಾಳದ ದಾರ ಹಾಯಿಸಿದರೆ ಸಾಕು. ಉಪ್ಪಳ, ಕುಂಬಳೆಯ ಕಡೆ ಗಾಳದ ದಾರಕ್ಕೆ ಹುಡುಕಾಡಬೇಕಾಗಿಲ್ಲ. ದಾರ ಉದ್ದವಾದರೆ ಬಲಗೈ ಸತ್ತ ಹಾಗೆ ನೇತಾಡುತ್ತದೆ, ಗಿಡ್ಡವಾದರೆ ಎರಡೂ ಕೈ ಎದೆಗೆ ಕಟ್ಟಿದ ಹಾಗಾಗುತ್ತದೆ. ಎರಡೂ ಕೈ ಸೊಂಟದ ಮಟ್ಟದಲ್ಲಿ ಸಮನಾಗಿ ನಿಲ್ಲುವ ಉದ್ದವೇ ಸರಿಯಾದ ಉದ್ದ.

ಇನ್ನು ಕೈ ಹಾಕುವ ದಾರಿ. ದೊಡ್ಡ ಗೊಂಬೆಗೆ ಬೆನ್ನಿನಲ್ಲಿ ಸೀಳು. ಇದು ತೊಡೆಯ ಮೇಲೆ ಕೂರಿಸಿಕೊಂಡು ಮಾತಾಡಿಸುವ ಕ್ರಮಕ್ಕೆ ಹೇಳಿ ಮಾಡಿಸಿದ್ದು. ಮಾತಾಡುವ ಗೊಂಬೆಯ ಕಲಾವಿದೆ ಇಂದುಶ್ರೀ ಅವರು ತಮ್ಮ ಗೊಂಬೆ ಡಿಂಕುವನ್ನು ಪಕ್ಕದಲ್ಲಿಟ್ಟು ಮಾತಿಗೆಳೆಯುತ್ತಾರಲ್ಲ, ಆ ಬಗೆ. ಪರದೆಯ ಹಿಂದಿನಿಂದ ಮೇಲೆತ್ತಿ ಆಡಿಸಲಿಕ್ಕೆ ಕೆಳಗಿನಿಂದ ದಾರಿ ಬೇಕು, ಇಲ್ಲವಾದರೆ ಮಣಿಕಟ್ಟು ಲಂಬವಾಗಿ ಮಡಚಿ ಐದು ನಿಮಿಷಕ್ಕೆ ನೋವು ಶುರು. ಬೆನ್ನಿನ ಸೀಳನ್ನು ಹೊಲಿದು, ಕಾಲುಗಳ ಹಿಂದಿನ ಹೊಲಿಗೆ 14 ಸೆಂ.ಮೀ. ಬಿಚ್ಚಿ, ಅಲ್ಲಿಂದ ಮೊಣಕೈಯವರೆಗೆ ಬರುವ ಕಪ್ಪು ಬಟ್ಟೆಯ ತೋಳು ಜೋಡಿಸಿ. ಅಂಗನವಾಡಿಯಲ್ಲಿ ಮಕ್ಕಳ ನಡುವೆ ಕೂತು ಆಡಿಸುವವರಿಗೆ ಈ ಕೆಲಸವೇ ಬೇಡ. ಕೇರಳದ ಪಾವಕಥಕಳಿಯಲ್ಲಿ ಆಡಿಸುವವರು ಎದುರಿಗೇ ಕೂತು, ಗೊಂಬೆಯ ಭಾವವನ್ನು ತಮ್ಮ ಮುಖದಲ್ಲೂ ತೋರಿಸುತ್ತಾರೆ, ನೋಡುವವರ ಕಣ್ಣು ಆದರೂ ಗೊಂಬೆಯ ಮೇಲೆಯೇ ಇರುತ್ತದೆ. ಅಡಗಿಕೊಳ್ಳುವುದು ಕಡ್ಡಾಯವೇನಲ್ಲ.

ಕನ್ನಡಕ್ಕೆ ತುಟಿ ಹೊಂದಿಸುವುದು

ಗೊಂಬೆ ರಿಪೇರಿಯಾಯಿತು, ಆಡಿಸಿದರೆ ಹಲ್ಲಿ ಹುಳ ಹಿಡಿದ ಹಾಗೆ ಪಟಪಟ. ಇದು ಗೊಂಬೆಯ ತಪ್ಪಲ್ಲ. ಹೊಸಬರು ಪ್ರತಿ ಅಕ್ಷರಕ್ಕೆ ಬಾಯಿ ಮುಚ್ಚುತ್ತಾರೆ, ಮಾತನ್ನು ಕಚ್ಚುತ್ತಾರೆ. ಅಕ್ಷರಕ್ಕೆ ಬಾಯಿ ತೆರೆಯಬೇಕು. ತೆರೆಯುವುದೂ ಹೆಬ್ಬೆರಳನ್ನು ಇಳಿಸಿ, ನಾಲ್ಕು ಬೆರಳನ್ನು ಎತ್ತಿ ಅಲ್ಲ. ಮೇಲಿನ ದವಡೆ ಎದ್ದರೆ ಗೊಂಬೆ ಪ್ರತಿ ಮಾತಿಗೂ ಆಕಾಶ ನೋಡುತ್ತದೆ. ಸೆಸಮೆ ಸ್ಟ್ರೀಟಿನ ಯಾವುದಾದರೂ ಹಳೆ ತುಣುಕನ್ನು ಶಬ್ದ ಬಂದ್ ಮಾಡಿ ನೋಡಿ: ತಲೆ ನಿಂತಲ್ಲೇ ನಿಂತಿರುತ್ತದೆ, ಗಲ್ಲ ಮಾತ್ರ ಬೀಳುತ್ತದೆ.

ಕನ್ನಡದಲ್ಲಿ ಲೆಕ್ಕ ಸುಲಭ, ಬರೆದ ಅಕ್ಷರದಷ್ಟೇ ತೆರೆತ. ‘ಮಕ್ಕಳೇ’ ಎಂದರೆ ಮೂರು, ಒತ್ತಕ್ಷರಕ್ಕೆ ಬೇರೆ ತೆರೆತ ಇಲ್ಲ. ‘ಹೇಗಿದ್ದೀರಿ’ ನಾಲ್ಕು, ವೇಗದಲ್ಲಿ ಹೇಳುವಾಗ ಕೊನೆಯ ‘ರಿ’ ನುಂಗಿ ಮೂರು. ದೀರ್ಘಕ್ಕೆ ಅಗಲ, ಹ್ರಸ್ವಕ್ಕೆ ಅರ್ಧ. ಪ, ಬ, ಮ ಬಂದಲ್ಲಿ ಬಾಯಿ ಮುಚ್ಚಲೇಬೇಕು. ‘ಅಪ್ಪ’, ‘ಅಮ್ಮ’ ಎನ್ನುವಾಗ ನಡುವೆ ಒಂದು ಕ್ಷಣ ಮುಚ್ಚಿ ಹಿಡಿಯದಿದ್ದರೆ ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ.

ಪದದ ಕೊನೆಯಲ್ಲಿ ನಮ್ಮೂರಿನವರಿಗೆ ಇನ್ನೊಂದು ತೊಡಕು. ಇಲ್ಲಿ ಒಂದೇ ತರಗತಿಯಲ್ಲಿ ಮೂರ್ನಾಲ್ಕು ಭಾಷೆ. ಕನ್ನಡದ ‘ನೀರು’ ಅರೆ ತೆರೆದು ನಿಲ್ಲುತ್ತದೆ, ಗೊಂಬೆಯೂ ಅರೆ ತೆರೆದು, ಒಂದು ತಾಳ ಬಿಟ್ಟು ಮುಚ್ಚಬೇಕು. ಮಲಯಾಳದ ‘ವೆಳ್ಳಂ’ ತುಟಿ ಕೂಡಿಸಿಯೇ ಮುಗಿಯುತ್ತದೆ, ಅಲ್ಲಿ ಠಕ್ಕನೆ ಮುಚ್ಚಬೇಕು. ತುಳುವಿನ ‘ನೀರ್’ ಒಂದೇ ತೆರೆತ. ಮಲಯಾಳದ ಅಭ್ಯಾಸದಲ್ಲಿ ಕನ್ನಡ ಆಡಿಸಿದರೆ ಪ್ರತಿ ಪದದ ಕೊನೆಯ ಸ್ವರಕ್ಕೆ ಬಾಯಿ ಮುಚ್ಚಿರುತ್ತದೆ, ಸ್ವರ ಎಲ್ಲಿಂದ ಬಂತು ಎಂದೇ ತಿಳಿಯುವುದಿಲ್ಲ.

ಎರಡು ಗೊಂಬೆ ಇದ್ದರೆ, ಮಾತಾಡದ ಗೊಂಬೆ ಅಲುಗಾಡಬಾರದು. ಎರ್ನಿ ಕಿವಿಯಲ್ಲಿ ಬಾಳೆಹಣ್ಣು ಇಟ್ಟುಕೊಂಡು ಬರುವ ತುಣುಕಿನಲ್ಲಿ ನಗು ಹುಟ್ಟುವುದು ಬರ್ಟ್ ಸುಮ್ಮನೆ ನಿಂತು ಕೇಳುವುದರಿಂದ. ಇದನ್ನು ಕಲಿಯಲಿಕ್ಕೆ ಅಮೆರಿಕದವರೆಗೆ ಹೋಗಬೇಕೆಂದೇನೂ ಇಲ್ಲ. ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದವರ ತೆಂಕುತಿಟ್ಟಿನ ಸೂತ್ರದ ಬೊಂಬೆಗಳನ್ನು ಒಂದು ಪ್ರಸಂಗದುದ್ದಕ್ಕೂ ಗಮನಿಸಿ. ಅಲ್ಲಿ ಮಾತು ಹೊಮ್ಮುವುದೇ ತಲೆ, ಭುಜ, ಹೆಜ್ಜೆಯಿಂದ. ಮಾತು ಯಾರದ್ದು ಎಂಬುದು ಹಿಂದಿನ ಸಾಲಿನವನಿಗೂ ತಿಳಿಯುತ್ತದೆ.

ಫೋನಿನಲ್ಲಿ ಚಿತ್ರೀಕರಿಸುವವರಿಗೆ: ಟಿವಿ ಕಲಾವಿದರು ಗೊಂಬೆಯನ್ನು ನೋಡಿ ಆಡಿಸುವುದಿಲ್ಲ, ಕೆಳಗಿಟ್ಟ ಮಾನಿಟರ್ ನೋಡಿ ಆಡಿಸುತ್ತಾರೆ, ಅದೂ ಕನ್ನಡಿಯಂತೆ ತಿರುಗಿಸದ ಚಿತ್ರ. ಬಲಕ್ಕೆ ಹೋಗಬೇಕೆಂದು ಎಡಕ್ಕೆ ಹೋಗುವುದು ಮೊದಲ ವಾರದ ಮಾಮೂಲಿ ಅವಾಂತರ. ಫೋನಿನ ಸೆಲ್ಫಿ ಕ್ಯಾಮೆರಾದ ಪರದೆ ಕನ್ನಡಿಯಂತೆ ತೋರಿಸುತ್ತದೆ, ಹಾಗಾಗಿ ಆ ತೊಂದರೆ ಇಲ್ಲ. ಕ್ಯಾಮೆರಾ ಗೊಂಬೆಯ ಕಣ್ಣಿನ ಎತ್ತರದಲ್ಲೇ ಇರಬೇಕು. ನೆಲದ ಮೇಲೆ ಕೂತ ಮಕ್ಕಳಿಗೆ ಪರದೆಯ ಮೇಲಿನಿಂದ ಆಡಿಸುವಾಗ ಮಣಿಕಟ್ಟನ್ನು ಮುಂದಕ್ಕೆ, ಕೆಳಕ್ಕೆ ಬಗ್ಗಿಸಿ. ಕೈಗೆ ಹಾಯೆನಿಸುವ ಭಂಗಿಯಲ್ಲಿ ಗೊಂಬೆ ಯಾವಾಗಲೂ ಫ್ಯಾನ್ ನೋಡುತ್ತಿರುತ್ತದೆ.

ಮಳೆಗಾಲ ಮತ್ತು ತಿನ್ನಿಸುವ ಆಟ

ಬೆವರು ಕುಡಿದ ಫೆಲ್ಟು ಜುಲೈಯಲ್ಲಿ ಮುಗ್ಗಲು ಹಿಡಿಯುವುದು ಖಚಿತ. ಕೈಗೆ ತೆಳ್ಳಗಿನ ಹತ್ತಿಯ ಗ್ಲೌಸ್ ಹಾಕಿ ಆಡಿಸಿ, ಅದನ್ನು ಮಾತ್ರ ಒಗೆಯಿರಿ. ಪ್ರದರ್ಶನದ ಮೇಲೆ ಬಾಯಿ ತೆರೆದು ಫ್ಯಾನಿನ ಕೆಳಗೆ ಒಂದು ರಾತ್ರಿ, ಆಮೇಲೆ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಅಟ್ಟದ ಮೇಲೆ ಒಲೆಯ ಕಾವಿಗೆ ಒಣಗಿಸುವುದು ಬೇಡ, ಕೃತಕ ತುಪ್ಪಳ ಕಾವಿಗೆ ಮುದುಡಿ ಗಂಟುಗಟ್ಟಿದರೆ ಮತ್ತೆ ಬಿಡಿಸಲಿಕ್ಕಾಗದು. ಒಗೆಯಲೇಬೇಕಾದರೆ ತಣ್ಣೀರು, ಶಾಂಪೂ, ಹಿಂಡದೆ ಒತ್ತಿ ನೀರು ತೆಗೆದು ನೆರಳಲ್ಲಿ ಒಣಗಿಸುವುದು.

ಗೊಂಬೆಗೆ ತಿನ್ನಿಸುವ ಆಟ ಮಕ್ಕಳಿಗೆ ಬಲು ಇಷ್ಟ, ಗೊಂಬೆಗೆ ಮಾತ್ರ ಕಂಟಕ. ಬಿಸ್ಕತ್ತಿನ ಎಣ್ಣೆ ತುಪ್ಪಳಕ್ಕೆ ಇಳಿದರೆ ಇರುವೆ, ಜಿರಲೆ. ಕುಕಿ ಮಾನ್‌ಸ್ಟರ್ ಚೂರುಚೂರು ಮಾಡುವ ಬಿಸ್ಕತ್ತಿನಲ್ಲೂ ಎಣ್ಣೆ ಬೆಣ್ಣೆ ಇರುವುದಿಲ್ಲ, ಅರಳಿಸಿದ ಅಕ್ಕಿಯನ್ನು ಸೇರಿಸಿ, ಚಂದಕ್ಕೆ ಒಡೆಯುವ ಹಾಗೆ ಪ್ರತ್ಯೇಕ ಮಾಡಿಸಿದ್ದು. ನಮಗೆ ಮಂಡಕ್ಕಿ ಉಂಟಲ್ಲ. ಒಂದು ಮುಷ್ಟಿ ಮಂಡಕ್ಕಿಗೆ ಎರಡು ಚಮಚ ತೆಳು ಮೈದಾ ಗಂಜಿ ಬೆರೆಸಿ ತಟ್ಟಿ, ಎರಡು ದಿನ ಬಿಸಿಲಲ್ಲಿ ಒಣಗಿಸಿದರೆ ಕಚ್ಚಿದ ಕೂಡಲೇ ಪುಡಿಪುಡಿಯಾಗಿ ಹಾರುತ್ತದೆ, ಕಲೆ ಇಲ್ಲ. ಆಟ ಮುಗಿದ ಮೇಲೆ ಗೊಂಬೆಯನ್ನು ತಲೆಕೆಳಗಾಗಿ ಕೊಡವಿ.

ಯಾವುದನ್ನು ಕೊಳ್ಳುವುದು

ರಿಪೇರಿಗೆ ಒಂದು ದಿನ ಕೊಡಲಿಕ್ಕೆ ತಯಾರಿದ್ದರೆ ದೊಡ್ಡದು, ಕಿತ್ತಳೆ ಅಥವಾ ನೀಲಿ. ಹಸಿರು ಬಣ್ಣದ್ದು ಶಾಲೆಯ ಗೋಡೆಯ ತಿಳಿಹಸಿರಿನ ಎದುರು ಕಳೆದುಹೋಗುತ್ತದೆ. ಹಾಗೆಯೇ ಬಳಸುತ್ತೇವೆ ಎನ್ನುವವರು ದೊಡ್ಡದಕ್ಕೆ 1,900 ಸುರಿಯಬೇಡಿ. ಸಣ್ಣದರ ಬಾಯಿ 9 ಸೆಂ.ಮೀ. ಅಗಲ, ದೊಡ್ಡವರ ಬೆರಳು ಹಿಡಿಸುವುದಿಲ್ಲ, ಆದರೆ ಮಕ್ಕಳ ಕೈಗೆ ಸರಿಯಾಗಿ ಕೂರುತ್ತದೆ, ಅವರು ಗುಳ್ಳೆ ಸುಕ್ಕು ಎಂದು ದೂರುವುದೂ ಇಲ್ಲ. ಅವರ ಕೈಗೇ ಕೊಡುವುದಾದರೆ ಅದು ಒಳ್ಳೆಯ ಮಾಲು.

ಎರಡೂ ಬೇಡ, ಮಾತಾಡುವ ಬಾಯಿ ಮಾತ್ರ ಸಾಕು ಎನ್ನುವವರಿಗೆ ಮಂಡಿಯವರೆಗಿನ ಫುಟ್‌ಬಾಲ್ ಕಾಲ್ಚೀಲ ಒಂದು, ಮೇಲೆ ಹೇಳಿದ ಅದೇ ಕೀಲಿನ ಹಲಗೆ ಅರ್ಧ ಅಳತೆಯಲ್ಲಿ. ಖರ್ಚು ನೂರು ರೂಪಾಯಿ ದಾಟುವುದಿಲ್ಲ. ಬಾಯಿಯ ವಿಷಯದಲ್ಲಿ ಅದು ಪೊಟ್ಟಣದ ದೊಡ್ಡ ಗೊಂಬೆಗಿಂತ ಮೇಲು, ಬಟ್ಟೆ ಕೈಗೆ ಅಂಟಿರುವುದರಿಂದ ಮುಖಭಾವವೂ ಬರುತ್ತದೆ.

ತರಿಸಿದವರು ಬಂದ ದಿನವೇ ಬಾಯಿಯ ಮೂಲೆಯ ಹೊಲಿಗೆ, ಎರಡು ಕಣ್ಣಿನ ಮಟ್ಟ, ಅಂಗೈಯ ಹೊಲಿಗೆ ನೋಡಿ. ಒಂದು ದಾರ ಬಿಚ್ಚಿದ ಮೇಲೆ ಯಾರೂ ಹಿಂದೆ ತೆಗೆದುಕೊಳ್ಳುವುದಿಲ್ಲ. ಕಿತ್ತ ಪ್ಲಾಸ್ಟಿಕ್ ಕಣ್ಣುಗಳನ್ನು ಎಸೆಯಬೇಡಿ, ಕಾಲ್ಚೀಲದ ಗೊಂಬೆಗೆ ಆ ಅಳತೆಯೇ ಸರಿ. ಪಾಪೆಯ ಮೇಲೆ ಸಣ್ಣ ಬಿಲ್ಲೆಯೊಂದನ್ನು ಮೂಗಿನ ಕಡೆಗೆ ಸರಿಸಿ ಅಂಟಿಸಿದರಾಯಿತು.